ಹೃತ್ಕವಾಟರೋಗ ಮತ್ತು ಅದರ ಅಪ್ರಸಿದ್ಧ ಲಕ್ಷಣಗಳು

ರೋಗನಿರ್ಣಯವೂ ಒಂದು ಬಗೆಯ ಅನುಮಾನವೇ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ವೈದ್ಯನು ಲಕ್ಷಣದಿಂದ ರೋಗವನ್ನು ಊಹಿಸುತ್ತಾನೆ. ಆದರೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದೆಯೂ ಬೆಂಕಿಯುಂಟೆಂದು ತಾರ್ಕಿಕರು ಎಚ್ಚರಿಸುವರು. ಹೃದಯದ ಕವಾಟಗಳ ರೋಗದಲ್ಲಿ ಈ ಎಚ್ಚರಿಕೆಯು ಪ್ರಾಣಕ್ಕೆ ಸಂಬಂಧಿಸಿದುದು.

ಚರಕಸಂಹಿತೆಯು ಹೃದ್ರೋಗವನ್ನು ವಾತ, ಪಿತ್ತ, ಕಫ, ಸನ್ನಿಪಾತ, ಕ್ರಿಮಿ ಎಂಬ ಕಾರಣಗಳಿಂದ 5 ವಿಧವಾಗಿ ವಿಂಗಡಿಸಿದೆ. ಕವಾಟದ ವಿಕಾರವನ್ನು ಶಬ್ದದಿಂದ ಅರಿಯುವ ಮಾರ್ಗವಾದರೋ 1816ರಲ್ಲಿ ಪ್ಯಾರಿಸ್ಸಿನ ಲಾಯೆನೆಕ್ ಎಂಬ ವೈದ್ಯನು ಸ್ಟೆತಾಸ್ಕೋಪನ್ನು ಕಲ್ಪಿಸಿದ ಮೇಲೆ ತೆರೆಯಿತು.

ಬಾಲ್ಯದಲ್ಲಿ ಗಂಟಲುಬೇನೆಯನ್ನು ಹಿಂಬಾಲಿಸಿ ಬರುವ ಕೀಲುವಾತಜ್ವರವು ಈ ರೋಗಕ್ಕೆ ಒಂದು ಮುಖ್ಯ ಕಾರಣ. ಅದರಿಂದ ಎಡ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಣ ಮೈಟ್ರಲ್ ಕವಾಟದ ದಳಗಳು ದಪ್ಪನಾಗಿ ಒಂದಕ್ಕೊಂದು ಅಂಟಿಕೊಂಡು ದಾರಿಯು ಕಿರಿದಾಗುತ್ತದೆ. ರಕ್ತವು ಹಿಂದೆ ನಿಂತು ಶ್ವಾಸಕೋಶವನ್ನು ತುಂಬುತ್ತದೆ. ಏದುಸಿರು ಇದರ ಪ್ರಸಿದ್ಧ ಲಕ್ಷಣ. ಹೃದಯದ ಮೇಲೆ ಕೇಳುವ ಮರ್ಮರಧ್ವನಿಯು ಇದರ ಪ್ರಸಿದ್ಧ ಹೇತು.

ಅತಿವ್ಯಾಪ್ತಿಯಿಂದಾಗುವ ಭ್ರಮೆಯು ಮೊದಲನೆಯದು. ನೆಲಮಂಗಲ ತಾಲ್ಲೂಕಿನ ಸೋಂಪುರದಂತಹ ಊರಿನ ಬಸುರಿಯೊಬ್ಬಳಿಗೆ ಏದುಸಿರು ಬಂದಿತೆಂದು ಭಾವಿಸೋಣ. ಬಸಿರಿನಲ್ಲಿ ಅದು ಸಹಜವೆಂದು ಮನೆಯವರು ಸುಮ್ಮನಿರಬಹುದು. ಆದರೆ ಆ ಕಾಲದಲ್ಲಿ ರಕ್ತದ ಪ್ರಮಾಣವು ಸುಮಾರು ಅರ್ಧದಷ್ಟು ಹೆಚ್ಚುವುದರಿಂದ, ಅದುವರೆಗೆ ಅಡಗಿದ್ದ ಕವಾಟರೋಗವೇ ಆಗ ತಲೆದೋರಿರಬಹುದು. ಹಾಗೆಯೇ ಕಫದಲ್ಲಿ ರಕ್ತ ಬಿದ್ದರೆ ಕ್ಷಯವೆಂದೂ, ಧ್ವನಿ ಒಡೆದರೆ ಗಂಟಲಿನ ವ್ಯಾಧಿಯೆಂದೂ ತೋರುವುದುಂಟು. ಹಿಗ್ಗಿದ ಶ್ವಾಸಕೋಶಧಮನಿಯು ಧ್ವನಿಪೆಟ್ಟಿಗೆಯ ಎಡನರವನ್ನು ಅದುಮುವುದರಿಂದ ಧ್ವನಿಯು ಹೀಗೆ ಕೆಡಬಹುದು. ಧ್ವನಿಭಂಗಕ್ಕೂ ಈ ಕವಾಟರೋಗಕ್ಕೂ ಇರುವ ಸಂಬಂಧವನ್ನು 1897ರಲ್ಲಿ ವಿಯೆನ್ನಾದ ಆರ್ಟ್ನರ್ ವರ್ಣಿಸಿದನು. ಹೃತ್ಕರ್ಣದಲ್ಲಿ ಹೆಪ್ಪುಗಟ್ಟಿದ ರಕ್ತವು ಮಿದುಳಿಗೆ ಹರಿದು, ಪಕ್ಷವಾತವೇ ರೋಗದ ಮೊದಲ ಸೂಚನೆಯಾಗುವುದೂ ಉಂಟು.

ಎರಡನೆಯದು ಅವ್ಯಾಪ್ತಿ. ರಕ್ತಪ್ರವಾಹವು ತೀರ ಕ್ಷೀಣಿಸಿದಾಗ ರೋಗವು ಉಗ್ರವಾಗಿದ್ದರೂ ಮರ್ಮರಧ್ವನಿಯು ಕೇಳದೆ ಹೋಗಬಹುದು. ಕಾದ ಕಬ್ಬಿಣದ ದೃಷ್ಟಾಂತವು ಇಲ್ಲಿ ಸಲ್ಲುತ್ತದೆ. ಇಲ್ಲಿ ಅನುಮಾನಕ್ಕೆ ಪ್ರತ್ಯಕ್ಷವೇ ನೆರವಾಗಬೇಕು. ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಎಂಬವರು 1953ರಲ್ಲಿ ಆರಂಭಿಸಿದ ಎಕೋ ಪರೀಕ್ಷೆಯು ಇಂದು ಕವಾಟದ ಚಲನವನ್ನು ಕಣ್ಣಿಗೇ ಕಾಣಿಸುತ್ತದೆ.

ನಿರ್ಣಯವಾದರೆ ಉಪಾಯವುಂಟು. ತೊಡೆಯ ಸಿರೆಯ ಮೂಲಕ ಬಲೂನನ್ನು ಒಯ್ದು ಕಿರಿದಾದ ಕವಾಟವನ್ನು ಹಿಗ್ಗಿಸುವ ಚಿಕಿತ್ಸೆಯನ್ನು ಜಪಾನಿನ ಇನೋವೆ 1984ರಲ್ಲಿ ಪ್ರಕಟಿಸಿದನು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಅದು ನಡೆಯುತ್ತಿದೆ. ಜ್ವರವು ಮರುಕಳಿಸದಂತೆ 3 ಅಥವಾ 4 ವಾರಗಳಿಗೊಮ್ಮೆ ಪೆನಿಸಿಲಿನ್ ಕೊಡುವ ಕ್ರಮವೂ ಇದೆ. ಆದುದರಿಂದ ಗಂಟಲುನೋವಿನ ಬಳಿಕ ಕೀಲುಗಳು ಊದಿಕೊಂಡ ಬಾಲಕನನ್ನು ಮೊದಲು ಕಾಣುವ ಉಪಾಧ್ಯಾಯನೂ ಈ ನಿರ್ಣಯದಲ್ಲಿ ಭಾಗಿಯೇ ಸರಿ.