ಸೈಕಲ್ಲಿಗೆ ಹೊಸ ಬಣ್ಣ: ಜಂಗಿನ ಮೇಲೆ ಹೊಳಪು ನಿಲ್ಲುವುದಿಲ್ಲ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಗೋಡೆಗೆ ಆನಿಸಿಟ್ಟ ಹಳೆಯ ಸೈಕಲ್ಲುಗಳಿಗೆ ಬರವಿಲ್ಲ. ಕೆಲವು ಅಜ್ಜನ ಕಾಲದ ಅಟ್ಲಾಸ್, ಹೀರೋ, ಹರ್ಕ್ಯುಲಿಸ್. ಇನ್ನು ಕೆಲವು 2006-07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸಿಕ್ಕವು. ಕೋವಿಡ್ ಕಾಲದಲ್ಲಿ ಆ ಹಂಚಿಕೆ ನಿಂತಿತು. 1951ರಿಂದ ಸೈಕಲ್ ಮಾಡುತ್ತಿದ್ದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆಯೂ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಹೀಗಾಗಿ ಇದ್ದ ಫ್ರೇಮನ್ನೇ ಬಣ್ಣ ಹೊಡೆಸಿ ಇಟ್ಟುಕೊಳ್ಳೋಣ ಎನ್ನುವುದು ಒಳ್ಳೆಯ ವಿಚಾರವೇ. ಆದರೆ ಬಣ್ಣದ ಬಗ್ಗೆ ಮಾಲೀಕರಲ್ಲೂ ಕೆಲವು ಮಿಸ್ತ್ರಿಗಳಲ್ಲೂ ಇರುವ ನಂಬಿಕೆಗಳು ದುಡ್ಡು ಹಾಳುಮಾಡುತ್ತವೆ.

“ನಮ್ ಕಡಿ ಬಿಸಲ ಭಾಳ, ಜಂಗ್ ಎಲ್ಲಿ ಹತ್ತತದ?”

ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುವುದು ನಿಜ, ಕರಾವಳಿಯ ಉಪ್ಪುಗಾಳಿ ಇಲ್ಲಿಲ್ಲ ಎನ್ನುವುದೂ ನಿಜ. ಆದರೆ ಜಂಗಿಗೆ ಬೇಕಾದದ್ದು ಕಬ್ಬಿಣದ ಮೇಲೆ ತೆಳ್ಳನೆಯ ನೀರಿನ ಪೊರೆ ಮತ್ತು ಗಾಳಿ, ಅಷ್ಟೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ಧಾರಾಳವಾಗಿ ಸಿಗುತ್ತದೆ. ನಮ್ಮ ಎರೆ ಮಣ್ಣು ಮಡ್‌ಗಾರ್ಡಿನ ಒಳಗೆ, ಪೆಡಲ್ ಗುಂಭದ ಸುತ್ತ ಒಮ್ಮೆ ಮೆತ್ತಿಕೊಂಡರೆ ಮಳೆ ನಿಂತ ಮೇಲೂ ದಿನಗಟ್ಟಲೆ ಹಸಿ ಹಿಡಿದಿಟ್ಟಿರುತ್ತದೆ. ಕ್ಯಾರಿಯರ್ ಮೇಲೆ ಪೊಟ್ಯಾಷ್ ಗೊಬ್ಬರದ ಚೀಲ ಹೇರುವವರಿಗೆ ಇನ್ನೊಂದು ಮಾತು: ಆ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಬಳಗದ್ದೇ. ಕರಾವಳಿಯಲ್ಲಿ ಸಮುದ್ರ ಮಾಡುವ ಕೆಲಸವನ್ನು ಇಲ್ಲಿ ಸೋರುವ ಚೀಲ ಮಾಡುತ್ತದೆ.

ಬಿಸಿಲಿನ ಹಾನಿ ಬೇರೆ ಬಗೆಯದು. ಅದು ಬಣ್ಣವನ್ನೇ ತಿನ್ನುತ್ತದೆ. ಅಗ್ಗದ ಕೆಂಪು ಕೆಲವೇ ಬೇಸಿಗೆಗಳಲ್ಲಿ ಬಿಳಚಿಕೊಳ್ಳುತ್ತದೆ, ಮೇಲ್ಪದರ ಪುಡಿಯಾಗಿ ಕೈಗೆ ಹತ್ತುತ್ತದೆ.

“ಮ್ಯಾಲ ಒಂದ್ ಕೋಟ್ ಹೊಡದ್ರ ಜಂಗ್ ಮುಚ್ಚಿಹೋಗ್ತದ”

ಅತಿ ಹೆಚ್ಚು ಫ್ರೇಮುಗಳನ್ನು ಕೆಡಿಸಿರುವ ನಂಬಿಕೆ ಇದು. ಮುಚ್ಚಿಹೋಗುವುದು ಕಣ್ಣಿಗೆ ಮಾತ್ರ. ಕಬ್ಬಿಣ ಜಂಗಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಮೇಲಿನ ಬಣ್ಣವನ್ನು ಒಳಗಿನಿಂದಲೇ ಎತ್ತುತ್ತದೆ. ಮೊದಲು ಸಣ್ಣ ಗುಳ್ಳೆ, ಆಮೇಲೆ ಬಿರುಕು, ಆ ಬಿರುಕಿನಿಂದ ಮತ್ತೆ ನೀರು. ಬಣ್ಣಕ್ಕೆ ಹಿಡಿತ ಸಿಗಬೇಕಾದರೆ ಅದು ಗಟ್ಟಿ ಲೋಹದ ಮೇಲೆ ಕೂರಬೇಕು.

ಹಾಗಾದರೆ ರೆಡ್ ಆಕ್ಸೈಡ್ ಹಚ್ಚಿದರೆ ಸಾಕಲ್ಲವೇ ಎನ್ನುತ್ತಾರೆ. ಆ ಡಬ್ಬಿಯ ಕೆಂಪು ಪುಡಿ ಕೂಡ ಕಬ್ಬಿಣದ ಆಕ್ಸೈಡೇ, ಜಂಗನ್ನು ತಡೆಯುವ ಯಾವ ಶಕ್ತಿಯೂ ಆ ಪುಡಿಗೆ ತಾನಾಗಿ ಇಲ್ಲ. ಜೊತೆಗೆ ಸತುವಿನ ಫಾಸ್ಫೇಟ್‌ನಂಥ ತಡೆ ಪದಾರ್ಥ ಬೆರೆಸಿದ ಪ್ರೈಮರ್ ಆದರೆ ಲಾಭವಿದೆ. ಸಾದಾ ರೆಡ್ ಆಕ್ಸೈಡ್ ಬಳಿದು ‘ಮೇಲಿನ ಬಣ್ಣ ದೀಪಾವಳಿಗೆ ನೋಡೋಣ’ ಎಂದು ಮಳೆಗಾಲ ಕಳೆದರೆ, ದೀಪಾವಳಿ ಹೊತ್ತಿಗೆ ಪ್ರೈಮರ್ ಅಡಿಯಲ್ಲೇ ಜಂಗು ಎದ್ದಿರುತ್ತದೆ.

ಸರಿಯಾದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಬಣ್ಣದ ಡಬ್ಬಿ ತೆರೆಯುವುದೇ ಇಲ್ಲ. ಚಕ್ರ, ಚೈನು, ಹ್ಯಾಂಡಲ್ ಬಿಚ್ಚುವುದರ ಜೊತೆಗೆ ಪೆಡಲ್ ಗುಂಭದ ಅಚ್ಚು, ಗುಂಡು, ಬೇರಿಂಗ್ ಕಪ್ಪುಗಳನ್ನೂ ತೆಗೆಯಬೇಕು. ಹಳೆಯ ಬಣ್ಣ ಕೆರೆದು, ಜಂಗನ್ನು ವೈರ್ ಬ್ರಷ್ ಮತ್ತು ಪಾಲಿಶ್ ಪೇಪರಿನಲ್ಲಿ ಉಜ್ಜಿ, ಗುಂಡಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ದ್ರವ ಹಚ್ಚಿ, ತೊಳೆದು ಪೂರ್ತಿ ಒಣಗಿಸಬೇಕು. ಕೊನೆಗೆ ಎಣ್ಣೆ ಜಿಡ್ಡು ಒರೆಸುವುದು. ಸೀಮೆಎಣ್ಣೆ ಜಿಡ್ಡನ್ನು ಕರಗಿಸುತ್ತದೆ ನಿಜ, ಆದರೆ ತಾನೇ ಒಂದು ಎಣ್ಣೆ ಪದರ ಬಿಟ್ಟುಹೋಗುತ್ತದೆ. ಹೊಸ ಬಣ್ಣದಲ್ಲಿ ಮೀನುಕಣ್ಣಿನಂಥ ಕುಳಿ ಬಿದ್ದರೆ ಬಹುಮಟ್ಟಿಗೆ ಕಾರಣ ಉಳಿದ ಜಿಡ್ಡು. ಕೊನೆಯ ಒರೆಸು ಒಳ್ಳೆಯ ಥಿನ್ನರ್‌ನಲ್ಲೇ ಆಗಬೇಕು, ಆಮೇಲೆ ಬರಿಗೈಯಲ್ಲಿ ಮುಟ್ಟಬಾರದು.

ಹಳೆಯ ಬಣ್ಣವನ್ನು ಒಣದಾಗಿ ಉಜ್ಜುವ ಅಭ್ಯಾಸವನ್ನಂತೂ ಬಿಡಲೇಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅಜ್ಜನ ಸೈಕಲ್ಲಿನ ಹಳದಿ, ಕೇಸರಿ, ಕೆಂಪು ಬಣ್ಣಗಳಲ್ಲಿ ಸೀಸ ಇದ್ದೀತು. ನೀರು ಹಾಕಿಯೇ ಉಜ್ಜಿ, ಮಕ್ಕಳನ್ನು ಅತ್ತ ಕಳಿಸಿ.

“ಭಟ್ಟ್ಯಾಗ ಇಟ್ರ ಬೆಸುಗಿ ಬಿಚ್ಚತದ”

ಪೌಡರ್ ಕೋಟಿಂಗ್ ಎಂದೊಡನೆ ಬರುವ ಹೆದರಿಕೆ. ಹಳೆಯ ಸೈಕಲ್ಲುಗಳ ಕೊಳವೆಗಳನ್ನು ಲಗ್ ಎಂಬ ಜೋಡು ತುಂಡುಗಳೊಳಗೆ ಕೂರಿಸಿ ಹಿತ್ತಾಳೆಯಿಂದ ಬೆಸೆದಿರುತ್ತಾರೆ. ಆ ಹಿತ್ತಾಳೆ ಕರಗಲು ಸುಮಾರು 900 ಡಿಗ್ರಿ ಬೇಕು. ಪೌಡರ್ ಗಟ್ಟಿಯಾಗುವುದು 180ರಿಂದ 200 ಡಿಗ್ರಿಯಲ್ಲಿ, ಹತ್ತಿಪ್ಪತ್ತು ನಿಮಿಷದಲ್ಲಿ. ಉಕ್ಕಿನ ಫ್ರೇಮಿಗೆ ಏನೂ ಆಗುವುದಿಲ್ಲ. ಅಲ್ಯೂಮಿನಿಯಂ ಫ್ರೇಮಾದರೆ ತಾಪವನ್ನೂ ಹೊತ್ತನ್ನೂ ಮೀರಬಾರದು ಎಂದು ಮೊದಲೇ ಹೇಳಿ. ಕಾರ್ಬನ್ ಫ್ರೇಮನ್ನು ಆ ಕಡೆ ಒಯ್ಯಲೇಬೇಡಿ.

ನಿಜವಾದ ಎಚ್ಚರ ಬೇಕಾದದ್ದು ಬೇರೆ ಕಡೆ, ಅದನ್ನು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಪೌಡರ್ ಭಟ್ಟಿಗಳಿಗೆ ಹೆಚ್ಚಾಗಿ ಬರುವ ಮಾಲು ಅಲ್ಮೇರಾ, ಕುರ್ಚಿ, ಗ್ರಿಲ್. ಮನೆಯೊಳಗೆ ಇರುವ ಅಲ್ಮೇರಾಕ್ಕೆ ಎಪಾಕ್ಸಿ ಬೆರೆತ ಪೌಡರ್ ಸಾಕು. ಆದರೆ ಎಪಾಕ್ಸಿಗೆ ಬಿಸಿಲು ಆಗಿಬರುವುದಿಲ್ಲ, ಹೊಲದ ಬದುವಿನಲ್ಲಿ ದಿನವಿಡೀ ನಿಲ್ಲುವ ಸೈಕಲ್ಲಿನ ಮೇಲೆ ಬೇಗ ಮಂಕಾಗಿ ಸುಣ್ಣದ ಪುಡಿಯಂತೆ ಉದುರುತ್ತದೆ. ಹೊರಾಂಗಣಕ್ಕೆಂದೇ ಇರುವ ಪಾಲಿಯೆಸ್ಟರ್ ಪೌಡರ್ ಬೇಕು ಎಂದು ಬಾಯಿಬಿಟ್ಟು ಕೇಳಿ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಲು ಹೋದಾಗ ಇದೇ ಮೊದಲ ಪ್ರಶ್ನೆಯಾಗಲಿ, ದರ ಎರಡನೆಯದು.

ಇನ್ನೊಂದು ಸಂಗತಿ: ಪೌಡರ್ ಪದರ 60ರಿಂದ 80 ಮೈಕ್ರಾನ್ ದಪ್ಪ. ತಿರುಪಿನ ಮರೆ, ಬೇರಿಂಗ್ ಕಪ್ಪು ಕೂರುವ ಜಾಗಗಳಿಗೆ ಶಾಖ ತಡೆಯುವ ಟೇಪು, ಬಿರಡೆ ಹಾಕದಿದ್ದರೆ ಆಮೇಲೆ ಭಾಗಗಳು ಕೂರುವುದಿಲ್ಲ. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಹೊಸ ಬಣ್ಣ ಅಲ್ಲೇ ಚಕ್ಕೆ ಏಳುತ್ತದೆ.

“ಪೌಡರ್ ಕೋಟಿಂಗ್ ಆತಂದ್ರ ಮುಗೀತು, ಇನ್ನ ಜಂಗ್ ಬರಂಗಿಲ್ಲ”

ಹೊರಗೆ ಬಹುಕಾಲ ಬರುವುದಿಲ್ಲ, ಕಲ್ಲು ಬಡಿದು ಚಕ್ಕೆ ಏಳದಿದ್ದರೆ. ಕೊಳವೆಯ ಒಳಗೆ? ಅಲ್ಲಿಗೆ ಪೌಡರೂ ಹೋಗುವುದಿಲ್ಲ, ಸ್ಪ್ರೇ ಗನ್ನೂ ಹೋಗುವುದಿಲ್ಲ. ಸೀಟಿನ ಕಂಬದ ಬಾಯಿಂದ ಇಳಿದ ಮಳೆನೀರು ಪೆಡಲ್ ಗುಂಭದಲ್ಲಿ ನಿಂತು ಒಳಗಿನಿಂದ ತಿನ್ನುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳಿಗೆ ನುಗ್ಗಿದಾಗ ನೀರಲ್ಲಿ ಮುಳುಗಿದ ಸೈಕಲ್ಲು ನಿಮ್ಮದಾಗಿದ್ದರೆ ಕೊಳವೆಯೊಳಗೆ ರಾಡಿಯೂ ಒಣಗಿ ಕೂತಿರಬಹುದು. ಬಣ್ಣಕ್ಕೆ ಕೊಡುವ ಮುಂಚೆ ಒಳಗಡೆ ತೊಳೆಸಿ, ಬಣ್ಣವಾದ ಮೇಲೆ ಸೀಟಿನ ಕೊಳವೆಯಿಂದ ಎಣ್ಣೆ ಸುರಿದು ಫ್ರೇಮನ್ನು ಎಲ್ಲ ಮಗ್ಗುಲಿಗೆ ಹೊರಳಿಸಿ, ಹೆಚ್ಚಿದ್ದನ್ನು ಬಸಿಯಿರಿ. ಖರ್ಚು ಚಿಲ್ಲರೆ.

ಊರಲ್ಲೇ ಸ್ಪ್ರೇ ಮಾಡಿಸುವವರಿಗೆ

ತಾಲ್ಲೂಕು ಪಟ್ಟಣದಲ್ಲಿ ಮೋಟರ್‌ಸೈಕಲ್ಲಿಗೆ ಬಣ್ಣ ಹೊಡೆಯುವ ಒಳ್ಳೆಯ ಕೈಯವರು ಸಿಕ್ಕರೆ ಕಲಬುರಗಿಗೆ ಒಯ್ಯುವ ತೊಂದರೆಯೇ ಬೇಡ. ಹಾರ್ಡನರ್ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣ ಸೈಕಲ್ಲಿಗೆ ಚೆನ್ನಾಗಿ ಒಪ್ಪುತ್ತದೆ, ಚಕ್ಕೆ ಎದ್ದರೆ ಅಷ್ಟು ಜಾಗಕ್ಕೆ ಮಾತ್ರ ಮತ್ತೆ ಹೊಡೆಯಬಹುದು. ‘ದಪ್ಪ ಹೊಡೀರಿ’ ಎಂದು ಮಾತ್ರ ಹೇಳಬೇಡಿ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಕೋಟು ಗಟ್ಟಿ. ಪುಟ್ಟಿಯೂ ಅಷ್ಟೇ, ದಪ್ಪ ಮೆತ್ತಿದ್ದು ಕ್ಯಾರಿಯರ್ ಭಾರದ ಕುಲುಕಿಗೆ ಬಿರಿಯುತ್ತದೆ.

ಬೇಸಿಗೆಯ ನಡುಮಧ್ಯಾಹ್ನ ಬಣ್ಣ ಬೇಗ ಒಣಗುತ್ತದೆ, ಆದ್ದರಿಂದ ಒಳ್ಳೆಯದು ಎನ್ನುವವರಿದ್ದಾರೆ. ಏಪ್ರಿಲ್ ಬಿಸಿಲಲ್ಲಿ ಥಿನ್ನರ್ ದಾರಿಯಲ್ಲೇ ಹಾರಿ, ಹನಿ ಒಣಪುಡಿಯಾಗಿ ಫ್ರೇಮಿಗೆ ಬೀಳುತ್ತದೆ, ಮೈ ಒರಟಾಗುತ್ತದೆ. ಮಳೆಗಾಲದಲ್ಲಿ ಕಂಪ್ರೆಸರಿನಿಂದ ನೀರಿನ ಹನಿ ಬರುತ್ತದೆ, ಡ್ಯೂಕೊ ಎನ್ನುವ ಲ್ಯಾಕರ್ ಬಣ್ಣ ಬೆಳ್ಳಗೆ ಮಂಜುಗಟ್ಟುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಒಣ ಚಳಿಯೇ ನಮ್ಮ ಕಡೆಗೆ ಸರಿಯಾದ ಕಾಲ. ಮುಟ್ಟಿದರೆ ಹತ್ತದ ಬಣ್ಣ ಪಕ್ವವಾಗಿದೆ ಎಂದೇನಿಲ್ಲ. ಪಿಯುಗೆ ಒಂದು ವಾರ ಬೇಕು. ಅಲ್ಲಿಯವರೆಗೆ ಕ್ಯಾರಿಯರ್ ಬೋಲ್ಟ್ ಬಿಗಿಯಬೇಡಿ.

ಕರವಸ್ತ್ರ ಕಟ್ಟಿಕೊಂಡರೆ ಸಾಕು ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯದ್ದು. ಪಿಯು ಹಾರ್ಡನರಿನಲ್ಲಿರುವ ಐಸೊಸೈನೇಟ್ ಬಟ್ಟೆಯನ್ನು ದಾಟಿ ಶ್ವಾಸಕ್ಕೆ ಹೋಗುತ್ತದೆ, ಅದರಿಂದ ಹತ್ತಿದ ಉಬ್ಬಸ ಜೀವನವಿಡೀ ಉಳಿಯಬಹುದು. ಬಣ್ಣ ಹೊಡೆಯುವ ಹುಡುಗನಿಗೆ ಕಾರ್ಟ್ರಿಡ್ಜ್ ಇರುವ ಮುಖವಾಡ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಅಂಗಡಿಯಲ್ಲಿ ಪಿಯು ಕೇಳಬೇಡಿ. ನಿಮ್ಮ ಸೈಕಲ್ಲಿನ ಹೊಳಪಿಗೆ ಅವನ ಎದೆ ಬೆಲೆ ತೆರುವುದು ನ್ಯಾಯವಲ್ಲ.

ಹೊಸ ಬಣ್ಣ ಫ್ರೇಮಿಗೆ ಬಲ ಕೊಡುತ್ತದೆ ಎಂಬ ಮಾತೂ ಇದೆ. ಕೊಡುವುದಿಲ್ಲ, ಬದಲಿಗೆ ಸೀಳನ್ನು ಮರೆಸುತ್ತದೆ. ಹ್ಯಾಂಡಲ್ ಕೆಳಗಿನ ಲಗ್, ಪೆಡಲ್ ಗುಂಭ, ಹಿಂಚಕ್ರದ ಅಚ್ಚು ಕೂರುವ ತುದಿ, ಈ ಮೂರು ಜಾಗದಲ್ಲಿ ಕೂದಲೆಳೆಯ ಗೆರೆ ಕಂಡರೆ ಮೊದಲು ಬೆಸುಗೆ, ಆಮೇಲೆ ಬಣ್ಣ. ಫ್ರೇಮ್ ನಂಬರ್ ಕೊರೆದ ಜಾಗಕ್ಕೆ ಪುಟ್ಟಿ ತುಂಬಲು ಬಿಡಬೇಡಿ, ಸೈಕಲ್ ಕಳುವಾದರೆ ಠಾಣೆಯಲ್ಲಿ ತೋರಿಸಲು ಇರುವ ಗುರುತು ಅದೇ. ಮಿಸ್ತ್ರಿಗೆ ಮುಂಗಡ ಕೊಡುವಾಗಲೇ ಒಂದು ಮಾತು ಹೇಳಿ: ಪ್ರೈಮರ್ ಹಚ್ಚುವ ಮುಂಚೆ ಬರಿ ಕಬ್ಬಿಣದ ಫ್ರೇಮ್ ನೋಡಲು ನಾನು ಬರುತ್ತೇನೆ. ಅದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ.