ದುಭಾಷಿಯ ದಿನಚರಿ: ಆನಂದರಂಗ ಪಿಳ್ಳೆಯ ಇಪ್ಪತ್ತನಾಲ್ಕು ವರ್ಷಗಳ ಬರಹದ ಒಂದು ಹಿನ್ನೋಟ

ಜಾನಪದ ಅಧ್ಯಯನವು ಆರಂಭದಿಂದಲೂ ಮೌಖಿಕ ಪರಂಪರೆಯನ್ನೇ ತನ್ನ ಮುಖ್ಯ ಆಕರವೆಂದು ಪರಿಗಣಿಸಿಕೊಂಡು ಬಂದಿದೆ. ಹಾಡು, ಕಥೆ, ಗಾದೆ, ಒಗಟು, ಐತಿಹ್ಯ, ಆಚರಣೆಗಳು ಜಾನಪದದ ಪಾಲಿಗೆ ಬಂದವು. ಬರಹಕ್ಕೆ ಇಳಿದದ್ದೆಲ್ಲ ಶಿಷ್ಟಸಾಹಿತ್ಯದ ಇಲ್ಲವೆ ಇತಿಹಾಸದ ಪಾಲಾಯಿತು. ಈ ವಿಂಗಡಣೆಯಿಂದ ಅಧ್ಯಯನಕ್ಕೆ ಒಂದು ಶಿಸ್ತು ಒದಗಿತೆಂಬುದು ನಿಜ. ಆದರೆ ಇದರ ನಡುವೆ ಒಂದು ಬಗೆಯ ಬರಹ ಯಾರ ಪಾಲಿಗೂ ಸೇರದೆ ಉಳಿಯಿತು. ವರ್ತಕ, ಶಾನುಭೋಗ, ಮನೆಯ ಯಜಮಾನ ತಮ್ಮ ತಮ್ಮ ಅನುಕೂಲಕ್ಕಾಗಿ ದಿನದಿನವೂ ಬರೆದಿಟ್ಟುಕೊಂಡ ಖಾಸಗಿ ಬರಹವೇ ಅದು. ಇದು ಕಾವ್ಯವಲ್ಲವೆಂದು ಸಾಹಿತ್ಯ ವಿದ್ವಾಂಸರು ಬಿಟ್ಟರು. ಬಾಯಿಮಾತಲ್ಲವೆಂದು ಜಾನಪದ ವಿದ್ವಾಂಸರು ಬಿಟ್ಟರು. ಅರಸರ ಹೆಸರು ಬಂದ ಕಡೆಯಲ್ಲಿ ಮಾತ್ರ ಚರಿತ್ರಕಾರರು ಅದರತ್ತ ಕಣ್ಣು ಹಾಯಿಸಿದರು.

ಇಂತಹ ಬರಹದ ಮಹತ್ವವನ್ನು ಅರಿಯಲು ದಕ್ಷಿಣ ಭಾರತದಲ್ಲಿ ದೊರೆಯುವ ಅತ್ಯಂತ ಸಮೃದ್ಧ ನಿದರ್ಶನವೆಂದರೆ ಪಾಂಡಿಚೇರಿಯ ಆನಂದರಂಗ ಪಿಳ್ಳೆಯ ತಮಿಳು ದಿನಚರಿ. ೧೭೩೬ರ ಸೆಪ್ಟೆಂಬರ್ ೬ರಂದು ಆರಂಭವಾದ ಈ ಬರಹ ೧೭೬೧ರ ಜನವರಿಯವರೆಗೆ, ಅಂದರೆ ಇಪ್ಪತ್ತನಾಲ್ಕು ವರ್ಷಗಳಿಗೂ ಮೀರಿದ ಕಾಲಾವಧಿಯನ್ನು ವ್ಯಾಪಿಸಿದೆ. ಈ ದೀರ್ಘಕಾಲದ ಬರಹದತ್ತ ಜಾನಪದ ದೃಷ್ಟಿಯಿಂದ ಹಿಂತಿರುಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

೧. ದಿನಚರಿಕಾರನ ಹಿನ್ನೆಲೆ

ಆನಂದರಂಗ ಪಿಳ್ಳೆ ೧೭೦೯ರಲ್ಲಿ ಮದ್ರಾಸಿನ ಪೆರಂಬೂರಿನಲ್ಲಿ ಹುಟ್ಟಿದನು. ಬಂಧುವಾದ ನೈನಿಯ ಪಿಳ್ಳೆ ಫ್ರೆಂಚರ ಪಾಂಡಿಚೇರಿಯಲ್ಲಿ ಮುಖ್ಯ ದಲ್ಲಾಳಿಯಾಗಿದ್ದುದರಿಂದ ಕುಟುಂಬ ಅಲ್ಲಿಗೆ ಬಂದು ನೆಲೆಸಿತು. ಈ ಹುದ್ದೆಯ ಅಪಾಯ ಎಷ್ಟೆಂಬುದನ್ನು ಕುಟುಂಬ ಬೇಗನೆ ಅರಿಯಬೇಕಾಯಿತು. ಗವರ್ನರನ ಅವಕೃಪೆಗೆ ಒಳಗಾದ ನೈನಿಯ ಪಿಳ್ಳೆ ೧೭೧೬ರಲ್ಲಿ ಸೆರೆಗೆ ಸೇರಿ, ಮರುವರ್ಷ ಸೆರೆಮನೆಯಲ್ಲಿಯೇ ತೀರಿಕೊಂಡನು. ಆಳುವವರ ಮುಖಭಾವವನ್ನು ದಿನವೂ ಗಮನಿಸಿ ಬರೆದಿಟ್ಟುಕೊಳ್ಳುವ ಆನಂದರಂಗನ ಸ್ವಭಾವಕ್ಕೆ ಈ ಕೌಟುಂಬಿಕ ನೆನಪೂ ಒಂದು ಕಾರಣವಾಗಿದ್ದಿರಬೇಕೆಂದು ಊಹಿಸಲು ಅವಕಾಶವಿದೆ.

ದುಭಾಷಿ ಎಂದರೆ ಎರಡು ಭಾಷೆ ಬಲ್ಲವನು. ಆದರೆ ಹದಿನೆಂಟನೆಯ ಶತಮಾನದ ಬಂದರು ಪಟ್ಟಣಗಳಲ್ಲಿ ಅವನ ಕೆಲಸ ಕೇವಲ ಅನುವಾದವಾಗಿರಲಿಲ್ಲ. ನೇಕಾರರಿಗೆ ಮುಂಗಡ ಕೊಡಿಸುವುದು, ಬಟ್ಟೆಯ ಮೂಟೆಗಳನ್ನು ಒದಗಿಸುವುದು, ಸ್ಥಳೀಯ ನವಾಬರಿಗೆ ಕಾಗದ ಬರೆಯುವುದು, ಉಡುಗೊರೆಯ ಮೊತ್ತವನ್ನು ನಿಗದಿಮಾಡುವುದು, ಜಾತಿ ಜಾತಿಗಳ ನಡುವಿನ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆ ವಹಿಸುವುದು ಇವೆಲ್ಲವೂ ಅವನ ಪಾಲಿನವು. ಮುಖ್ಯ ದುಭಾಷಿಯಾಗಿದ್ದ ಕನಕರಾಯ ಮುದಲಿ ೧೭೪೬ರ ಫೆಬ್ರವರಿಯಲ್ಲಿ ತೀರಿಕೊಂಡ ಬಳಿಕ ಆ ಹೊಣೆ ಆನಂದರಂಗನ ಕಡೆಗೆ ಬಂದಿತು. ಆ ಸ್ಥಾನಕ್ಕೆ ಕ್ರೈಸ್ತನೇ ಬೇಕೆಂಬ ಪಾದ್ರಿಗಳ ಒತ್ತಾಯದಿಂದ ನೇಮಕವು ಕೆಲಕಾಲ ತೂಗುಯ್ಯಾಲೆಯಲ್ಲಿತ್ತು. ೧೭೪೨ರಿಂದ ೧೭೫೪ರವರೆಗೆ ಗವರ್ನರನಾಗಿದ್ದ ಡೂಪ್ಲೆಯ ಕಾಲವೇ ಅವನ ಏಳಿಗೆಯ ಕಾಲ. ೧೭೫೬ರಲ್ಲಿ ಅವನನ್ನು ಹುದ್ದೆಯಿಂದ ತೆಗೆಯಲಾಯಿತು. ಆ ನಂತರವೂ ಅವನ ಬರವಣಿಗೆ ನಿಲ್ಲಲಿಲ್ಲ ಎಂಬುದು ಗಮನಾರ್ಹ. ಅಧಿಕಾರದ ದಾಖಲೆಯಾಗಿ ಮಾತ್ರ ಅವನು ಬರೆಯುತ್ತಿದ್ದರೆ, ಅಧಿಕಾರ ಹೋದ ದಿನವೇ ಪುಸ್ತಕ ಮುಚ್ಚಬೇಕಾಗಿತ್ತು.

೨. ಕೇಳಿದ್ದು ಮತ್ತು ಕಂಡದ್ದು

ಕಿವಿಯಿಂದ ಕೇಳಿದ್ದನ್ನೂ ಕಣ್ಣಿನಿಂದ ಕಂಡದ್ದನ್ನೂ ಹಡಗುಗಳ ಬರುಹೋಗುಗಳನ್ನೂ ಬರೆದಿಡುವುದಾಗಿ ಪಿಳ್ಳೆ ಆರಂಭದಲ್ಲಿಯೇ ಹೇಳಿಕೊಳ್ಳುತ್ತಾನೆ. ಕೇಳಿದ್ದಕ್ಕೆ ಕಂಡದ್ದರಷ್ಟೇ ಸ್ಥಾನ ಕೊಟ್ಟಿರುವುದು ಜಾನಪದ ವಿದ್ಯಾರ್ಥಿಗೆ ಬಹಳ ಮುಖ್ಯವಾದ ಸಂಗತಿ. ಆರ್ಕಾಟಿನಿಂದ ಬಂದವರು ಹೇಳಿದ್ದು, ಮದ್ರಾಸಿನಿಂದ ಬಂದ ಕಾಗದದಲ್ಲಿದ್ದದ್ದು, ಪೇಟೆಯಲ್ಲಿ ಜನ ಆಡಿಕೊಂಡದ್ದು ಹೀಗೆ ಸುದ್ದಿಯ ಮೂಲದೊಡನೆ ಸುದ್ದಿಯನ್ನು ಅವನು ದಾಖಲಿಸುತ್ತಾನೆ. ಗಾಳಿಸುದ್ದಿ ಹುಟ್ಟುವುದು, ಬೆಳೆಯುವುದು, ಸುಳ್ಳಾಗುವುದು ಅಥವಾ ನಿಜವಾಗುವುದು ದಿನದಿಂದ ದಿನಕ್ಕೆ ಕಣ್ಣೆದುರು ನಡೆಯುತ್ತದೆ. ಜನರ ನಡುವೆ ಹಬ್ಬುವ ಮಾತನ್ನು ಅದು ಹಬ್ಬುತ್ತಿರುವಾಗಲೇ ಹಿಡಿದಿಟ್ಟ ಇಂತಹ ಆಕರಗಳು ವಿರಳ. ಕ್ಷೇತ್ರಕಾರ್ಯದಲ್ಲಿ ನಮಗೆ ಸಿಗುವುದು ಸಾಮಾನ್ಯವಾಗಿ ತಲೆಮಾರುಗಳ ಬಳಿಕ ನೆಲೆನಿಂತ ಐತಿಹ್ಯ. ಅದು ಐತಿಹ್ಯವಾಗುವ ಮೊದಲಿನ ಹಂತ ಹೇಗಿದ್ದಿರಬಹುದೆಂಬುದಕ್ಕೆ ಇಲ್ಲಿ ಉದಾಹರಣೆಗಳಿವೆ.

ಕಾಲಗಣನೆಯ ಕ್ರಮವೂ ಗಮನಿಸತಕ್ಕದ್ದು. ಯುರೋಪಿಯನ್ ತಾರೀಖಿನ ಜೊತೆಗೆ ಸಂವತ್ಸರ, ತಮಿಳು ತಿಂಗಳು, ವಾರಗಳನ್ನು ಅವನು ಕೊಡುತ್ತಾನೆ. ಹೊತ್ತನ್ನು ಹೇಳುವಾಗ ಹಗಲಿರುಳನ್ನು ಅರವತ್ತು ಭಾಗ ಮಾಡುವ ನಾಳಿಗೆಯ ಲೆಕ್ಕ ಬರುತ್ತದೆ. ಕನ್ನಡದಲ್ಲಿ ನಾವು ಗಳಿಗೆ ಎನ್ನುವುದು ಇದನ್ನೇ. ಒಂದು ಗಳಿಗೆಗೆ ೨೪ ನಿಮಿಷ. ಫ್ರೆಂಚರ ಗಡಿಯಾರ ಮತ್ತು ಊರಿನ ಪಂಚಾಂಗ ಎರಡರಲ್ಲಿಯೂ ಏಕಕಾಲಕ್ಕೆ ಬದುಕುತ್ತಿದ್ದ ಒಂದು ಸಮಾಜ ಈ ಸಣ್ಣ ವಿವರದಲ್ಲಿ ಕಾಣುತ್ತದೆ. ಗ್ರಹಗತಿ, ಶಕುನ, ಜಾತಕಫಲಗಳಲ್ಲಿ ಅವನಿಗೆ ದೃಢವಾದ ನಂಬಿಕೆ. ಕಾರ್ಯ ಕೈಗೂಡಿದರೆ ಕಾಲ ಒಳ್ಳೆಯದಿತ್ತೆಂದೂ, ಕೆಟ್ಟರೆ ಗ್ರಹಚಾರವೆಂದೂ ಬರೆಯುವ ಅದೇ ಲೇಖನಿ ಬಟ್ಟೆಯ ದರವನ್ನೂ ಬಾಕಿ ಮೊತ್ತವನ್ನೂ ಕರಾರುವಾಕ್ಕಾಗಿ ನಮೂದಿಸುತ್ತದೆ. ನಂಬಿಕೆ ಮತ್ತು ವ್ಯವಹಾರಜ್ಞಾನ ಪರಸ್ಪರ ವಿರುದ್ಧವೆಂಬ ಆಧುನಿಕರ ಗ್ರಹಿಕೆಯನ್ನು ಈ ದಿನಚರಿ ಸಮರ್ಥಿಸುವುದಿಲ್ಲ.

೩. ಬರಹದೊಳಗಿನ ಮೌಖಿಕತೆ

ದಿನಚರಿಯ ಭಾಷೆ ವಿದ್ವಾಂಸರ ತಮಿಳಲ್ಲ, ಆಡುಮಾತಿಗೆ ಹತ್ತಿರವಾದ ವ್ಯವಹಾರದ ತಮಿಳು. ಪಾರ್ಸಿ, ತೆಲುಗು, ಪೋರ್ಚುಗೀಸ್, ಫ್ರೆಂಚ್ ಮಾತುಗಳು ಅದರಲ್ಲಿ ಸಹಜವಾಗಿ ಬೆರೆತಿವೆ. ಅದೇ ಕಾಲದಲ್ಲಿ ಅವನ ಆಶ್ರಯದಲ್ಲಿ ಶ್ರೀನಿವಾಸ ಕವಿಯು ಸಂಸ್ಕೃತದಲ್ಲಿ 'ಆನಂದರಂಗ ಚಂಪು'ವನ್ನು ರಚಿಸಿದನು. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಕವಿಗಳು ಅವನ ಹೆಸರಿನಲ್ಲಿ ಕೃತಿಗಳನ್ನು ಬರೆದರು. ಕವಿಗಳು ಕಟ್ಟಿಕೊಟ್ಟ ಆನಂದರಂಗ ದಾನಶೂರ, ಕುಲದೀಪಕ. ದಿನಚರಿಯ ಆನಂದರಂಗ ಬಾಕಿ ವಸೂಲಾಗದೆ ಚಿಂತಿಸುವವನು, ಎದುರಾಳಿಯ ಪಿತೂರಿಗೆ ಹೆದರುವವನು, ಗವರ್ನರನ ಒಂದು ಮೆಚ್ಚುಮಾತಿಗೆ ಹಿಗ್ಗುವವನು. ಒಬ್ಬನೇ ವ್ಯಕ್ತಿಯ ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಅಪರೂಪದ್ದು.

ನಿರೂಪಣೆಯ ಕ್ರಮದಲ್ಲಿ ಕಥನ ಪರಂಪರೆಯ ಗುರುತುಗಳು ಸ್ಪಷ್ಟವಾಗಿವೆ. ಪುಟಗಟ್ಟಲೆ ಸಂಭಾಷಣೆಯೇ ಇರುತ್ತದೆ. ಅವರು ಹೀಗೆ ಕೇಳಿದರು, ತಾನು ಹೀಗೆ ಉತ್ತರಿಸಿದೆ, ಅದಕ್ಕೆ ಅವರು ಹೀಗೆಂದರು ಎಂಬ ಸರಣಿಯಲ್ಲಿ ಪ್ರಸಂಗ ಸಾಗುತ್ತದೆ. ಹಗಲೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸುವುದೇ ವೃತ್ತಿಯಾಗಿದ್ದವನಿಗೆ ಮಾತನ್ನು ಮಾತಾಗಿಯೇ ನೆನಪಿನಲ್ಲಿಟ್ಟುಕೊಳ್ಳುವ ಅಭ್ಯಾಸ ಸಹಜವಾಗಿ ಬಂದಿರಬೇಕು. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸನು ೧೬೬೦ರಿಂದ ೧೬೬೯ರವರೆಗೆ ಶೀಘ್ರಲಿಪಿಯಲ್ಲಿ ಬರೆದ ದಿನಚರಿಯೊಡನೆ ಇದನ್ನು ಹೋಲಿಸುವುದು ವಾಡಿಕೆಯಾಗಿದೆ. ಆದರೆ ಪೀಪ್ಸನು ತನ್ನದೇ ಸರ್ಕಾರದ ಅಧಿಕಾರಿ. ಪಿಳ್ಳೆ ಪರಕೀಯರ ಅಧಿಕಾರಕ್ಕೂ ತನ್ನ ಜನಕ್ಕೂ ನಡುವೆ ನಿಂತವನು. ಈ ವ್ಯತ್ಯಾಸವನ್ನು ಮರೆತರೆ ಹೋಲಿಕೆ ಉಪಯುಕ್ತವಾಗುವುದಿಲ್ಲ.

೪. ನಡುವೆ ನಿಂತವನ ಸಂಕಟ

ಈ ನಡುವಿನ ನೆಲೆಯ ಸಂಕಟ ಅತ್ಯಂತ ತೀವ್ರವಾಗಿ ವ್ಯಕ್ತವಾಗುವುದು ೧೭೪೮ರ ಸೆಪ್ಟೆಂಬರ್ ತಿಂಗಳಲ್ಲಿ. ಬಾಸ್ಕವೆನ್‌ನ ನೇತೃತ್ವದ ಇಂಗ್ಲಿಷ್ ಸೇನೆ ಪಾಂಡಿಚೇರಿಗೆ ಮುತ್ತಿಗೆ ಹಾಕಿದ್ದ ಆ ದಿನಗಳಲ್ಲಿ ಪಟ್ಟಣದ ವೇದಪುರೀಶ್ವರ ದೇವಾಲಯವನ್ನು ಕೆಡವಲಾಯಿತು. ಜನ ಅನುಭವಿಸಿದ ದುಃಖವನ್ನು ಪಿಳ್ಳೆ ಮನಕಲಕುವಂತೆ ಬರೆಯುತ್ತಾನೆ. ಪಾದ್ರಿಗಳನ್ನೂ ಗವರ್ನರನ ಹೆಂಡತಿಯನ್ನೂ ದೂರುತ್ತಾನೆ. ಆದರೆ ಹುದ್ದೆಯನ್ನು ಬಿಡುವುದಿಲ್ಲ. ಕಂಡದ್ದನ್ನು ಬರೆಯುತ್ತಾನೆ, ಮರುದಿನ ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಇದನ್ನು ಹೇಡಿತನವೆಂದು ತೀರ್ಮಾನಿಸುವುದು ಸುಲಭ. ನೈನಿಯ ಪಿಳ್ಳೆಯ ಗತಿಯನ್ನು ಬಲ್ಲ ಕುಟುಂಬದವನಿಗೆ ಪ್ರತಿಭಟನೆಯ ಬೆಲೆ ತಿಳಿದಿತ್ತೆಂಬುದನ್ನೂ ಜೊತೆಯಲ್ಲಿಯೇ ನೆನೆಯಬೇಕಾಗುತ್ತದೆ. ಹೊರಗೆ ಆಡಲಾಗದ ಮಾತಿಗೆ ದಿನಚರಿಯ ಪುಟ ಜಾಗ ಕೊಟ್ಟಿತು ಎಂದಷ್ಟೇ ಇಲ್ಲಿ ಹೇಳಬಹುದು.

ಅರಸರ ಚರಿತ್ರೆಯಲ್ಲಿ ಹೆಸರಿಲ್ಲದ ಜನರೂ ಇಲ್ಲಿ ಬರುತ್ತಾರೆ. ಬಡವರನ್ನು ಮೋಸದಿಂದ ಹಿಡಿದು ಹಡಗುಗಳಿಗೆ ಗುಲಾಮರನ್ನಾಗಿ ಮಾರುತ್ತಿದ್ದ ಜಾಲವೊಂದು ೧೭೪೩ರಲ್ಲಿ ಬಯಲಾದ ಸಂಗತಿಯನ್ನು ಅವನು ದಾಖಲಿಸಿದ್ದಾನೆ. ೧೭೪೫ರಲ್ಲಿ ಕನಕರಾಯ ಮುದಲಿ ಒಳುಕರೈಯಲ್ಲಿ ಕಟ್ಟಿಸಿದ ಇಗರ್ಜಿಯ ಸಂಭ್ರಮದಲ್ಲಿ ಹಿಂದೂಗಳಿಗೂ ಕ್ರೈಸ್ತರಿಗೂ ಊಟದ ಏರ್ಪಾಡಾದ ವಿವರವೂ ಇದೆ. ಔತಣವು ಎಲ್ಲರಿಗೂ ಸೇರಿದ್ದು, ಪಂಕ್ತಿಗಳು ಮಾತ್ರ ಬೇರೆ ಬೇರೆ. ಮತ ಬದಲಾದರೂ ಜಾತಿಯ ಕಟ್ಟುಪಾಡು ಬದಲಾಗದ ಸಮಾಜದ ಚಿತ್ರಣ ಇಲ್ಲಿ ಯಾವ ವ್ಯಾಖ್ಯಾನವೂ ಇಲ್ಲದೆ ಮೂಡಿದೆ.

ಕರ್ನಾಟಕದ ಚರಿತ್ರೆಗೂ ಈ ಬರಹದ ಕಾಲಕ್ಕೂ ನೇರ ಸಂಬಂಧವಿದೆ. ಮೈಸೂರಿನ ಕರಾಚೂರಿ ನಂಜರಾಜಯ್ಯ ೧೭೫೨ರಲ್ಲಿ ತಿರುಚಿನಾಪಳ್ಳಿಯ ಆಸೆಯಿಂದ ಮಹಮದಾಲಿಯ ನೆರವಿಗೆ ಹೋಗಿ, ಕೊಟ್ಟ ಮಾತು ನಡೆಯದಾಗ ಫ್ರೆಂಚರ ಕಡೆ ಸೇರಿದನು. ಆ ದಂಡಯಾತ್ರೆ ಮೈಸೂರಿನ ಬೊಕ್ಕಸವನ್ನು ಬರಿದುಮಾಡಿತು. ೧೭೬೦ರಲ್ಲಿ ಹೈದರಾಲಿ ಪಾಂಡಿಚೇರಿಯ ನೆರವಿಗೆ ಮಖ್ದೂಮ್ ಅಲಿಯೊಡನೆ ಸೈನ್ಯವನ್ನು ಕಳುಹಿಸಿದನು. ಮೈಸೂರಿನವರು ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತಿದ್ದರು, ಅವರ ಬಗ್ಗೆ ಯಾವ ಮಾತು ಹಬ್ಬಿತ್ತು ಎಂಬುದನ್ನು ತಿಳಿಯಬಯಸುವ ಕನ್ನಡ ಸಂಶೋಧಕರು ಈ ದಿನಚರಿಯನ್ನು ಅವಶ್ಯವಾಗಿ ನೋಡಬೇಕು.

೫. ದಿನಚರಿ ಮತ್ತು ಆತ್ಮಕಥೆ

ಹಿನ್ನೋಟದ ದೃಷ್ಟಿಯಿಂದ ದಿನಚರಿಗೂ ಆತ್ಮಕಥೆಗೂ ಮೂಲಭೂತವಾದ ವ್ಯತ್ಯಾಸವಿದೆ. ಆತ್ಮಕಥೆ ಬರೆಯುವವನಿಗೆ ಕಥೆಯ ಕೊನೆ ಗೊತ್ತಿರುತ್ತದೆ. ಆ ಕೊನೆಗೆ ಹೊಂದುವಂತೆ ಅವನು ನೆನಪುಗಳನ್ನು ಆಯ್ದು ಜೋಡಿಸುತ್ತಾನೆ. ದಿನಚರಿಕಾರನಿಗೆ ನಾಳೆ ಏನೆಂಬುದು ಗೊತ್ತಿಲ್ಲ. ೧೭೪೬ರಲ್ಲಿ ಮದ್ರಾಸು ಫ್ರೆಂಚರ ವಶವಾದಾಗ ಪಿಳ್ಳೆ ಪಟ್ಟ ಹಿಗ್ಗಿನಲ್ಲಿ ಮುಂದಿನ ಪತನದ ನೆರಳಿಲ್ಲ. ಅವನು ತನ್ನ ಹಳೆಯ ತಪ್ಪು ಅಂದಾಜುಗಳನ್ನು ತಿದ್ದಿ ಜಾಣನಾಗಿ ತೋರಿಸಿಕೊಳ್ಳದೆ ಅವನ್ನು ಹಾಗೆಯೇ ಉಳಿಸಿದ್ದಾನೆ. ಆದ್ದರಿಂದ ಇಲ್ಲಿ ಹಿಂತಿರುಗಿ ನೋಡುವ ಹೊಣೆ ಓದುಗನದು.

ಹಾಗೆಂದು ದಿನಚರಿ ನಿಷ್ಪಕ್ಷಪಾತವಾದ ದಾಖಲೆಯೇನಲ್ಲ. ಗವರ್ನರ್ ತನ್ನನ್ನು ಹೊಗಳಿದ್ದನ್ನು ಪಿಳ್ಳೆ ಧಾರಾಳವಾಗಿ ಬರೆಯುತ್ತಾನೆ. ಎದುರಾಳಿಗಳ ಒಳ್ಳೆಯ ಗುಣ ಅವನಿಗೆ ಕಾಣುವುದು ಕಡಿಮೆ. ಕೆಳಜಾತಿಯವರನ್ನು ಅವನು ನೋಡುವ ಕಣ್ಣು ಅವನ ಕಾಲದ ಮೇಲ್ಜಾತಿಯ ಶ್ರೀಮಂತನದೇ. ಜನಪದ ಕಲಾವಿದನ ಹಾಡಿಗೆ ಅನ್ವಯಿಸುವ ಸಂದರ್ಭನಿಷ್ಠ ವಿಶ್ಲೇಷಣೆಯನ್ನು, ಅಂದರೆ ಯಾರು, ಯಾರಿಗಾಗಿ, ಯಾವ ಹೊತ್ತಿನಲ್ಲಿ ಹೇಳಿದರು ಎಂಬ ಪ್ರಶ್ನೆಗಳನ್ನು, ಈ ಬರಹಕ್ಕೂ ಕೇಳಲೇಬೇಕು.

೬. ಉಳಿದ ಬಗೆ

೧೭೬೧ರ ಜನವರಿ ೧೨ರಂದು ಪಿಳ್ಳೆ ತೀರಿಕೊಂಡನು. ನಾಲ್ಕು ದಿನಗಳ ಬಳಿಕ ಪಾಂಡಿಚೇರಿ ಇಂಗ್ಲಿಷರ ವಶವಾಯಿತು. ಕೋಟೆ ಕೊತ್ತಲಗಳು ನೆಲಸಮವಾದವು. ದಿನಚರಿಯ ಪುಸ್ತಕಗಳು ಮಾತ್ರ ಕುಟುಂಬದವರ ಬಳಿ ಉಳಿದವು. ೧೮೪೬ರಲ್ಲಿ ಗಾಲ್ವಾ ಮೋಂಬ್ರನ್ ಎಂಬ ಫ್ರೆಂಚನ ಕಣ್ಣಿಗೆ ಬೀಳುವವರೆಗೆ ಅವುಗಳ ಬೆಲೆ ಹೊರಗೆ ತಿಳಿದಿರಲಿಲ್ಲ. ಅವನೂ ಅವನ ಬಳಿಕ ಏರಿಯಲ್ ಎಂಬವನೂ ಪ್ರತಿ ಮಾಡಿಸಿಕೊಂಡರು. ಮದ್ರಾಸ್ ಸರ್ಕಾರವು ೧೯೦೪ರಿಂದ ೧೯೨೮ರ ಅವಧಿಯಲ್ಲಿ ಹನ್ನೆರಡು ಸಂಪುಟಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ನಡುನಡುವೆ ಕೆಲವು ಅವಧಿಗಳ ಬರಹ ದೊರೆತಿಲ್ಲ. ಪ್ರತಿ ಮಾಡಿದವರಿಲ್ಲದಿದ್ದರೆ ಇನ್ನೂ ಹೆಚ್ಚು ಭಾಗ ಕಳೆದುಹೋಗುತ್ತಿತ್ತು. ಈ ದಿನಚರಿಯನ್ನು ಆಧರಿಸಿದ ಪ್ರಪಂಚನ್ ಅವರ ತಮಿಳು ಕಾದಂಬರಿ 'ವಾನಂ ವಸಪ್ಪಡುಂ' ೧೯೯೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆಯಿತು. ಒಬ್ಬ ವರ್ತಕನ ಖಾಸಗಿ ಟಿಪ್ಪಣಿ ಎರಡೂವರೆ ಶತಮಾನಗಳ ಬಳಿಕ ಸೃಜನಶೀಲ ಕೃತಿಗೆ ಬೀಜವಾದುದಕ್ಕೆ ಇದು ಸಾಕ್ಷಿ.

ಕನ್ನಡ ನಾಡಿನಲ್ಲಿಯೂ ದಿನದ ಬರಹದ ಪರಂಪರೆ ಇರಲಿಲ್ಲವೆಂದಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳನ್ನು ಅಂಗಡಿಯವರೂ ಶಾನುಭೋಗರೂ ಮಠಗಳೂ ಬಳಸುತ್ತಿದ್ದುವು. ಶೃಂಗೇರಿ ಮಠದ ಕಡತಗಳು ಸಂಶೋಧಕರಿಗೆ ದೊರೆತಿರುವುದು ಮಠದಂತಹ ಸಂಸ್ಥೆಯೊಂದು ಅವನ್ನು ಕಾಪಾಡಿದುದರಿಂದ. ಕಡತದ ಬರಹವನ್ನು ಒರೆಸಿ, ಮತ್ತೆ ಬಳಿದು, ಮತ್ತೆ ಬರೆಯಬಹುದಾಗಿತ್ತು. ಬಳಸುವವರಿಗೆ ಅದು ಅನುಕೂಲ, ಮುಂದಿನವರಿಗೆ ನಷ್ಟ. ಇಂದು ಕಡತವೆಂಬ ಮಾತು ಸರ್ಕಾರಿ ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಹೆಸರಾಗಿ ಮಾತ್ರ ಬಳಕೆಯಲ್ಲಿದೆ.

ಕಡತದ ಬಳಿಕ ಬಂದ ಕಾಗದದ ಲೆಕ್ಕಪುಸ್ತಕಗಳು, ಪಂಚಾಂಗದ ಅಂಚಿನಲ್ಲಿ ಬರೆದ ಮಳೆ ಬೆಳೆಯ ಟಿಪ್ಪಣಿಗಳು, ಹೆರಿಗೆ ಮದುವೆ ಸಾವುಗಳ ಪಟ್ಟಿಗಳು, ಹೆಂಗಸರು ಹಾಡು ಬರೆದಿಟ್ಟುಕೊಂಡ ನೋಟುಪುಸ್ತಕಗಳು ಹಳೆಯ ಮನೆಗಳ ಅಟ್ಟದಲ್ಲಿ ಉಳಿದಿರಬಹುದು. ಮನೆ ಒಡೆಯುವಾಗ, ಪಾಲಾಗುವಾಗ ಅವು ರದ್ದಿಗೆ ಹೋಗುತ್ತವೆ. ಓಲೆಗರಿಯಾದರೆ ಪೂಜ್ಯವೆಂದು ತೆಗೆದಿಡುವವರೂ ಲೆಕ್ಕದ ಪುಸ್ತಕವನ್ನು ಉಳಿಸುವುದಿಲ್ಲ. ಹಾಡುಗಾರ್ತಿಯ ಕಂಠದಲ್ಲಿರುವುದನ್ನು ಧ್ವನಿಮುದ್ರಿಸಿಕೊಳ್ಳಲು ಹೋದ ಸಂಶೋಧಕರು, ಅದೇ ಮನೆಯಲ್ಲಿ ಬರೆದಿಟ್ಟದ್ದೇನಾದರೂ ಇದೆಯೇ ಎಂದು ಕೇಳುವುದನ್ನು ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಸೇರಿಸಿಕೊಳ್ಳುವುದು ಅಗತ್ಯ. ಇದ್ದಲ್ಲಿ ಮೂಲವನ್ನು ಮನೆಯವರ ಬಳಿಯೇ ಬಿಟ್ಟು ಪ್ರತಿ ಮಾಡಿಕೊಳ್ಳಬೇಕು, ಬರೆದವರ ಮಕ್ಕಳು ಮೊಮ್ಮಕ್ಕಳಿಂದ ಅದರ ಸಂದರ್ಭವನ್ನು ಕೇಳಿ ದಾಖಲಿಸಬೇಕು. ಪ್ರಕಟಣೆಗೆ ಅವರ ಒಪ್ಪಿಗೆ ಬೇಕೇ ಬೇಕು, ಏಕೆಂದರೆ ಆ ಬರಹ ಲೋಕಕ್ಕೆಂದು ಬರೆದದ್ದಲ್ಲ. ಪಾಂಡಿಚೇರಿಯಲ್ಲಿ ಪ್ರತಿ ಮಾಡುವವರು ಬರುವ ವೇಳೆಗೆ ಬರೆದವನು ತೀರಿಕೊಂಡು ಎಂಬತ್ತೈದು ವರ್ಷಗಳಾಗಿದ್ದುವು. ಕನ್ನಡದ ಮನೆಗಳಲ್ಲಿ ಉಳಿದಿರುವ ಪುಸ್ತಕಗಳನ್ನು ಬರೆದವರಲ್ಲಿ ಅಥವಾ ಅವರನ್ನು ಕಂಡವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಅವರಿರುವಾಗಲೇ ಈ ಕೆಲಸ ನಡೆಯಬೇಕಾಗಿದೆ.