ಅಂಕ ಕಡಿಮೆಯಿದ್ದರೂ ಅರ್ಜಿ ಹಾಕಬಹುದೇ? ತಂತ್ರಜ್ಞಾನ ಕ್ಷೇತ್ರದ ಇಂಟರ್ನ್‌ಶಿಪ್ ಬಯಸುವ ವಿದ್ಯಾರ್ಥಿಗಳಿಗೆ

ಹತ್ತನೆಯ ತರಗತಿಯಲ್ಲಿ ಊರಿಗೇ ಮೊದಲಿಗನೆನಿಸಿದ ಹುಡುಗನು ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದಲ್ಲಿಯೇ ಮೂರು ವಿಷಯಗಳಲ್ಲಿ ಅನುತ್ತೀರ್ಣನಾಗುವುದು ಅಪರೂಪದ ಸಂಗತಿಯಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಗಣಿತವೂ ಭೌತಶಾಸ್ತ್ರವೂ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಪಾಠ ಅರ್ಥವಾಗುವ ವೇಳೆಗೆ ಪರೀಕ್ಷೆ ಮುಗಿದಿರುತ್ತದೆ. ಎರಡನೆಯ ವರ್ಷದಲ್ಲಿ ಅವನು ಚೇತರಿಸಿಕೊಂಡರೂ ಮೊದಲ ವರ್ಷದ ಅಂಕಗಳು ಅವನನ್ನು ಬಿಟ್ಟು ಹೋಗುವುದಿಲ್ಲ.

ಅಂತಹ ಒಬ್ಬ ವಿದ್ಯಾರ್ಥಿ ನಮ್ಮ ನಿಲಯದಲ್ಲಿದ್ದನು. ಐದನೆಯ ಸೆಮಿಸ್ಟರಿನಲ್ಲಿದ್ದ ಅವನ ಸಿಜಿಪಿಎ 6.1. ಇಂಟರ್ನ್‌ಶಿಪ್‌ಗಾಗಿ ಅವನ ಕಾಲೇಜಿಗೆ ಬಂದ ಕಂಪನಿಯೊಂದು ಕನಿಷ್ಠ 7.5 ಇರಬೇಕೆಂದು ಸೂಚನಾ ಫಲಕದಲ್ಲಿ ಪ್ರಕಟಿಸಿತ್ತು. ಅಂದು ರಾತ್ರಿ ಊಟವಾದ ಮೇಲೆ ಅವನು ನಮ್ಮ ಬಳಿ ಬಂದು ಎರಡು ಪ್ರಶ್ನೆ ಕೇಳಿದನು. "ಸರ್, ಓದು ಬಿಟ್ಟು ಊರಿಗೆ ಹೋಗಲೇ? ಇಲ್ಲವೇ ಅರ್ಜಿಯಲ್ಲಿ 7.6 ಎಂದು ಬರೆದುಬಿಡಲೇ?" ಅವನ ತಂದೆ ಮಗನ ಓದಿಗಾಗಿ ಬ್ಯಾಂಕಿನಲ್ಲಿ ಸಾಲ ಮಾಡಿದ್ದರು. ಮಗನ ಅಂಕಗಳ ವಿಷಯ ಅವರಿಗೆ ಗೊತ್ತಿರಲಿಲ್ಲ.

ಎರಡು ಪ್ರಶ್ನೆಗಳಿಗೂ ಬೇಡವೆಂದೇ ಉತ್ತರಿಸಿದೆವು. ಆದರೆ ಬೇಡ ಎಂದಷ್ಟೇ ಹೇಳಿ ಕಳುಹಿಸಿದರೆ ಅದು ಅರ್ಧ ಉತ್ತರ. ಮುಂದೇನು ಮಾಡಬೇಕೆಂಬುದನ್ನು ಅವನಿಗೆ ತಿಳಿಸುವ ಸಲುವಾಗಿ ನಾವೂ ಹಲವು ವಿಷಯಗಳನ್ನು ಕಲಿಯಬೇಕಾಯಿತು. ಅದೇ ಸ್ಥಿತಿಯಲ್ಲಿರುವ ಇತರ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಉಪಯೋಗವಾಗಲೆಂದು ಅವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಕನಿಷ್ಠ ಅಂಕವೆಂಬ ಜರಡಿ

ಕಂಪನಿಗಳು ಕನಿಷ್ಠ ಅಂಕವನ್ನು ಏಕೆ ನಿಗದಿಪಡಿಸುತ್ತವೆ ಎಂಬುದನ್ನು ಮೊದಲು ತಿಳಿಯಬೇಕು. ಕೆಲವೇ ಸ್ಥಾನಗಳಿಗೆ ಸಾವಿರಾರು ಅರ್ಜಿಗಳು ಬರುತ್ತವೆ. ಅಷ್ಟನ್ನೂ ಓದುವ ಜನ ಅಲ್ಲಿಲ್ಲ. ಆದುದರಿಂದ ಒಂದು ಸಂಖ್ಯೆಯನ್ನು ಜರಡಿಯಂತೆ ಹಿಡಿಯುತ್ತಾರೆ. ಜರಡಿಯಿಂದ ಕೆಳಗೆ ಬಿದ್ದ ಅರ್ಜಿಯನ್ನು ಯಾರೂ ಓದಿರುವುದಿಲ್ಲ. ಓದದೆ ಬದಿಗಿಟ್ಟದ್ದನ್ನು ತನ್ನ ಯೋಗ್ಯತೆಯ ಮೇಲಿನ ತೀರ್ಪೆಂದು ವಿದ್ಯಾರ್ಥಿಯು ಭಾವಿಸಬೇಕಾಗಿಲ್ಲ.

2013ರಲ್ಲಿ ಗೂಗಲ್ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗದ ಅಂದಿನ ಮುಖ್ಯಸ್ಥ ಲಾಸ್ಲೋ ಬಾಕ್ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಸಂದರ್ಶನ ನೀಡಿದ್ದರು. ನೌಕರರ ಕಾರ್ಯಕ್ಷಮತೆಯನ್ನು ಮುಂದಾಗಿ ಊಹಿಸಲು ಕಾಲೇಜಿನ ಅಂಕಗಳು ನೆರವಾಗವೆಂದು ತಮ್ಮ ಸಂಸ್ಥೆಯ ಅಂಕಿಅಂಶಗಳು ತೋರಿಸಿವೆ ಎಂಬುದು ಅವರ ಮಾತಿನ ಸಾರ. ಆದರೆ ಆಗಷ್ಟೇ ಕಾಲೇಜು ಮುಗಿಸಿದವರ ವಿಷಯದಲ್ಲಿ ಅಲ್ಪಸ್ವಲ್ಪ ಸಂಬಂಧ ಕಂಡುಬರುತ್ತದೆಂದೂ ಅವರು ಒಪ್ಪಿಕೊಂಡಿದ್ದರು. ಈ ಎರಡನೆಯ ಮಾತನ್ನು ಮರೆಮಾಚಿ ವಿದ್ಯಾರ್ಥಿಗಳಿಗೆ ಸಮಾಧಾನ ಹೇಳುವುದು ಸರಿಯಲ್ಲ. ಅಂಕಗಳಿಗೆ ಬೆಲೆಯಿದೆ. ಆದರೆ ಅಂಕವೊಂದರಿಂದಲೇ ಎಲ್ಲವೂ ನಿರ್ಧಾರವಾಗುವುದಿಲ್ಲ.

ಲೆಕ್ಕ ಏನು ಹೇಳುತ್ತದೆ

ಮುಂದಿನ ಸೆಮಿಸ್ಟರಿನಲ್ಲಿ ಚೆನ್ನಾಗಿ ಓದಿ ಅಂಕ ಏರಿಸಿಕೊಳ್ಳುತ್ತೇನೆಂದು ಅನೇಕರು ಹೇಳುತ್ತಾರೆ. ಸಂಕಲ್ಪ ಒಳ್ಳೆಯದೇ. ಆದರೂ ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಉದಾಹರಣೆಗೆ, ಸೆಮಿಸ್ಟರಿಗೆ 20 ಕ್ರೆಡಿಟ್ ಎಂದಿಟ್ಟುಕೊಳ್ಳೋಣ. ನಾಲ್ಕು ಸೆಮಿಸ್ಟರುಗಳ 80 ಕ್ರೆಡಿಟ್‌ಗಳಲ್ಲಿ ಸರಾಸರಿ 6.0 ಬಂದಿದೆ. ಮುಂದಿನ ಎರಡು ಸೆಮಿಸ್ಟರುಗಳ 40 ಕ್ರೆಡಿಟ್‌ಗಳಲ್ಲಿ ಕಷ್ಟಪಟ್ಟು 8.0 ಗಳಿಸಿದರೂ ಒಟ್ಟು ಸರಾಸರಿ ಸುಮಾರು 6.67 ಆಗುತ್ತದೆ. ಅದು 7.0 ತಲುಪಬೇಕಾದರೆ ಆ ಎರಡೂ ಸೆಮಿಸ್ಟರುಗಳಲ್ಲಿ 9.0 ಬರಬೇಕು.

ಈ ಲೆಕ್ಕದಿಂದ ಎರಡು ಪಾಠಗಳನ್ನು ಕಲಿಯಬಹುದು. ಒಟ್ಟು ಸರಾಸರಿ ನಿಧಾನವಾಗಿ ಏರುತ್ತದೆಯಾದ್ದರಿಂದ ಅದೊಂದನ್ನೇ ನಂಬಿ ಕುಳಿತರೆ ಕಾಲ ಮೀರುತ್ತದೆ. ಆದರೆ ಆಯಾ ಸೆಮಿಸ್ಟರಿನ ಅಂಕ, ಅಂದರೆ ಎಸ್‌ಜಿಪಿಎ, ಬೇಗನೆ ಏರಬಲ್ಲದು. 5.4, 5.9, 6.6, 7.8 ಎಂಬ ಏರಿಕೆಯನ್ನು ಕಂಡ ಯಾವ ಅನುಭವಿ ಸಂದರ್ಶಕನೂ ಅದನ್ನು ಗಮನಿಸದೆ ಇರಲಾರನು. ಆದುದರಿಂದ ಓದನ್ನು ಕೈಬಿಡಬಾರದು. ಬಾಕಿ ಉಳಿದ ವಿಷಯಗಳನ್ನು ಮೊದಲು ಮುಗಿಸಬೇಕು, ಏಕೆಂದರೆ ಕಡಿಮೆ ಅಂಕವನ್ನು ಒಪ್ಪುವ ಕಂಪನಿಗಳಲ್ಲಿಯೂ ಹಲವು ಬಾಕಿ ವಿಷಯಗಳಿರುವವರನ್ನು ಒಪ್ಪುವುದಿಲ್ಲ.

ಅಂಕ ಕೇಳದ ಬಾಗಿಲುಗಳು

ಕಾಲೇಜಿನ ಸೂಚನಾ ಫಲಕವೊಂದೇ ದಾರಿಯೆಂದು ತಿಳಿಯುವುದು ತಪ್ಪು. ಮಾಡಿದ ಕೆಲಸವನ್ನು ನೋಡಿ ಆಯ್ಕೆ ಮಾಡುವ ಕಾರ್ಯಕ್ರಮಗಳೂ ಇವೆ. ಇವುಗಳಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್ ಹೆಚ್ಚು ಪ್ರಸಿದ್ಧವಾದುದು. 2005ರಲ್ಲಿ ಆರಂಭವಾದ ಈ ಕಾರ್ಯಕ್ರಮ ಮೊದಲಿಗೆ ವಿದ್ಯಾರ್ಥಿಗಳಿಗಷ್ಟೇ ಮೀಸಲಾಗಿತ್ತು. 2022ರಿಂದ 18 ವರ್ಷ ತುಂಬಿದ, ಮುಕ್ತ ತಂತ್ರಾಂಶಕ್ಕೆ ಹೊಸಬರಾದ ಇತರರಿಗೂ ತೆರೆದಿದೆ. ಇದು ಗೂಗಲ್ ಕಂಪನಿಯ ನೌಕರಿಯಲ್ಲ. ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶಗಳನ್ನು ರೂಪಿಸುವ ಸಂಘಟನೆಗಳಿಗೆ ಮಾರ್ಗದರ್ಶಕರ ನೆರವಿನಿಂದ ಕೋಡ್ ಬರೆದುಕೊಡುವ ಕೆಲಸ. ಅದಕ್ಕೆ ಗೂಗಲ್ ಗೌರವಧನ ನೀಡುತ್ತದೆ. ಆಯ್ಕೆಗೆ ಬೇಕಾದುದು ಒಂದು ಯೋಜನಾ ಪ್ರಸ್ತಾವ. ಒಬ್ಬರು ಮೂರು ಪ್ರಸ್ತಾವಗಳವರೆಗೆ ಸಲ್ಲಿಸಬಹುದು, ಆಯ್ಕೆಯಾಗುವುದು ಒಂದು ಮಾತ್ರ. ಪ್ರಸ್ತಾವ ಓದುವವರು ಅದೇ ತಂತ್ರಾಂಶವನ್ನು ಕಟ್ಟುತ್ತಿರುವವರು. ಈ ಅಭ್ಯರ್ಥಿ ನಮ್ಮ ಕೋಡನ್ನು ಓದಿ ತಿಳಿದಿದ್ದಾನೆಯೇ, ಹಿಡಿದ ಕೆಲಸವನ್ನು ಮುಗಿಸುವನೇ ಎಂಬುದೇ ಅವರ ಪ್ರಶ್ನೆ.

ಔಟ್‌ರೀಚೀ ಎಂಬ ಇನ್ನೊಂದು ಕಾರ್ಯಕ್ರಮವಿದೆ. 2006ರಲ್ಲಿ ಗ್ನೋಮ್ ಯೋಜನೆಯೊಳಗೆ ಮಹಿಳೆಯರಿಗಾಗಿ ನಡೆದ ಪ್ರಯತ್ನವೇ ಅದರ ಮೂಲ. ತಂತ್ರಜ್ಞಾನ ಕ್ಷೇತ್ರದಲ್ಲಿ ಕಡಿಮೆ ಪ್ರಾತಿನಿಧ್ಯವಿರುವವರಿಗೆ, ತಾರತಮ್ಯ ಎದುರಿಸಿದವರಿಗೆ ಅದು ಮನೆಯಿಂದಲೇ ಮಾಡಬಹುದಾದ, ಗೌರವಧನವುಳ್ಳ ಮೂರು ತಿಂಗಳ ಇಂಟರ್ನ್‌ಶಿಪ್ ನೀಡುತ್ತ ಬಂದಿದೆ. ನಮ್ಮ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ದೇಶದಲ್ಲಿಯೇ ಮುಂಬಯಿ ಐಐಟಿಯ ಫಾಸಿ ಯೋಜನೆಯು ಫೆಲೋಶಿಪ್‌ಗಳಿಗೆ ಅಭ್ಯರ್ಥಿಗಳನ್ನು ಆರಿಸುವಾಗ ನಿರ್ದಿಷ್ಟ ಕೆಲಸಗಳನ್ನು ಕೊಟ್ಟು ಮಾಡಿಸುತ್ತದೆ. ಅದೇ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕಂಪ್ಯೂಟರ್ ಪಾಠಗಳನ್ನು ಕನ್ನಡದ ಧ್ವನಿಯಲ್ಲಿಯೂ ಕೇಳಬಹುದು. ಇಂಗ್ಲಿಷಿನ ಭಯದಿಂದ ಹಿಂದೆ ಬಿದ್ದವರು ಅಲ್ಲಿಂದಲೇ ಆರಂಭಿಸಬಹುದು.

ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವೂ ಇದೆ. ಲಿಬ್ರೆ ಆಫೀಸ್, ವಿಕಿಮೀಡಿಯ ಮುಂತಾದ ಸಂಘಟನೆಗಳು ಸಮ್ಮರ್ ಆಫ್ ಕೋಡ್‌ನಲ್ಲಿ ಪಾಲ್ಗೊಂಡಿವೆ. ಒತ್ತಕ್ಷರ ಸರಿಯಾಗಿ ಮೂಡುತ್ತಿಲ್ಲ, ಅಕಾರಾದಿ ಜೋಡಣೆ ತಪ್ಪುತ್ತಿದೆ, ಕನ್ನಡ ಪದವನ್ನು ಹುಡುಕಿದರೆ ಸಿಗುತ್ತಿಲ್ಲ ಎಂಬಂತಹ ದೋಷಗಳನ್ನು ಕನ್ನಡ ಓದಲು ಬಾರದ ಎಂಜಿನಿಯರನು ಗುರುತಿಸುವುದೇ ಕಷ್ಟ. ಹಿನ್ನಡೆಗೆ ಕಾರಣವೆಂದು ವಿದ್ಯಾರ್ಥಿ ನೊಂದುಕೊಂಡ ಭಾಷೆಯೇ ಇಲ್ಲಿ ಅವನ ಬಂಡವಾಳವಾಗುತ್ತದೆ.

ಸಿದ್ಧತೆಯ ಕ್ರಮ

ಸಮ್ಮರ್ ಆಫ್ ಕೋಡ್‌ನಲ್ಲಿ ಪಾಲ್ಗೊಳ್ಳುವ ಸಂಘಟನೆಗಳ ಪಟ್ಟಿ ಸಾಮಾನ್ಯವಾಗಿ ಫೆಬ್ರವರಿಯ ಹೊತ್ತಿಗೆ ಹೊರಬೀಳುತ್ತದೆ. ಪ್ರಸ್ತಾವ ಸಲ್ಲಿಕೆ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನಡೆಯುತ್ತದೆ. ಪಟ್ಟಿ ಬಂದ ಮೇಲೆ ಎದ್ದು ಕುಳಿತರೆ ತಡವಾಯಿತೆಂದೇ ತಿಳಿಯಬೇಕು. ದೀಪಾವಳಿಯ ವೇಳೆಗೆ ಕೆಲಸ ಆರಂಭವಾಗಬೇಕು.

ಹಿಂದಿನ ವರ್ಷಗಳ ಪಟ್ಟಿ ನೋಡಿ, ತನಗೆ ಬರುವ ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸುವ ಒಂದೋ ಎರಡೋ ಸಂಘಟನೆಗಳನ್ನು ಆರಿಸಿಕೊಳ್ಳಬೇಕು. ಅವರ ತಂತ್ರಾಂಶವನ್ನು ತನ್ನ ಕಂಪ್ಯೂಟರಿನಲ್ಲಿ ಸ್ಥಾಪಿಸಿ ಓಡಿಸಿ ನೋಡಬೇಕು. ಈ ಮೊದಲ ಹೆಜ್ಜೆಯಲ್ಲಿಯೇ ಅನೇಕರು ಸೋತು ಹಿಂದಿರುಗುತ್ತಾರೆ, ಒಂದು ವಾರ ಹಿಡಿದರೂ ಬಿಡಬಾರದು. ಅನಂತರ ಗಿಟ್ ಬಳಕೆಯನ್ನು ಕಲಿತು ಸಣ್ಣ ದೋಷವೊಂದನ್ನು ತಿದ್ದಿ ಕಳುಹಿಸಬೇಕು. ಅದು ಕೈಪಿಡಿಯಲ್ಲಿನ ಒಂದು ತಪ್ಪು ವಾಕ್ಯವಾದರೂ ಸರಿಯೇ. ಹಿರಿಯರು ಅದನ್ನು ಪರಿಶೀಲಿಸಿ ತಿದ್ದುಪಡಿ ಸೂಚಿಸುತ್ತಾರೆ. ಆ ಸೂಚನೆಗಳಿಂದ ನೊಂದುಕೊಳ್ಳದೆ ತಿದ್ದಿ ಮತ್ತೆ ಕಳುಹಿಸುವವನೇ ಮುಂದೆ ಆಯ್ಕೆಯಾಗುವವನು. ಹೀಗೆ ನಾಲ್ಕಾರು ತಿದ್ದುಗೆಗಳು ಸ್ವೀಕೃತವಾದ ಬಳಿಕ ಬರೆದ ಪ್ರಸ್ತಾವಕ್ಕೆ ತೂಕವಿರುತ್ತದೆ. ಯಂತ್ರದಿಂದ ಬರೆಸಿದ ಪ್ರಸ್ತಾವವನ್ನು ಪರಿಶೀಲಕರು ಸುಲಭವಾಗಿ ಗುರುತಿಸುತ್ತಾರೆ. ಅದರ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಉತ್ತರಿಸಲಾಗದೆ ತಲೆ ತಗ್ಗಿಸಬೇಕಾಗುತ್ತದೆ.

ಕಂಪನಿಗಳ ಇಂಟರ್ನ್‌ಶಿಪ್ ಬಯಸುವವರಿಗೂ ಈ ಕೆಲಸ ವ್ಯರ್ಥವಲ್ಲ. ಗಿಟ್‌ಹಬ್‌ನಲ್ಲಿ ಎಲ್ಲರೂ ನೋಡಬಹುದಾದ ನಿಜವಾದ ಕೆಲಸ ಅಲ್ಲಿಯೂ ಸಾಕ್ಷಿಯಾಗುತ್ತದೆ. ಜೊತೆಗೆ ದತ್ತಾಂಶ ರಚನೆ, ಆಲ್ಗಾರಿದಮ್‌ಗಳ ಅಭ್ಯಾಸ ದಿನವೂ ನಡೆಯಬೇಕು, ಏಕೆಂದರೆ ಬಹುತೇಕ ಕಂಪನಿಗಳ ಮೊದಲ ಪರೀಕ್ಷೆ ಅದರಲ್ಲಿಯೇ ಇರುತ್ತದೆ. ಕನಿಷ್ಠ ಅಂಕದ ನಿಯಮವಿಲ್ಲದ ಸಣ್ಣ ಕಂಪನಿಗಳಿಗೆ ನೇರವಾಗಿ ಪತ್ರ ಬರೆಯಬಹುದು. ಅವರ ತಂತ್ರಾಂಶವನ್ನು ಬಳಸಿ ನೋಡಿ, ಕಂಡ ಒಂದು ಕೊರತೆಯನ್ನು ವಿವರಿಸಿ, ತಾನು ಅದನ್ನು ಹೇಗೆ ಸರಿಪಡಿಸಬಲ್ಲೆನೆಂದು ಹತ್ತು ಸಾಲಿನಲ್ಲಿ ತಿಳಿಸಿದ ಪತ್ರವನ್ನು ಓದುವವರಿದ್ದಾರೆ.

ಅರ್ಜಿಯಲ್ಲಿ ಅಂಕದ ಮಾತು

ಅಂಕವನ್ನು ಕೇಳದಿದ್ದ ಕಡೆ ವ್ಯಕ್ತಿವಿವರದಲ್ಲಿ ಬರೆಯಲೇಬೇಕೆಂಬ ನಿಯಮವಿಲ್ಲ. ಕಾಲೇಜು, ಶಾಖೆ, ಪದವಿ ಮುಗಿಯುವ ವರ್ಷ ಇಷ್ಟು ಬರೆದು ಮಾಡಿದ ಕೆಲಸಗಳನ್ನು ಮೇಲ್ಭಾಗದಲ್ಲಿ ಕಾಣಿಸಬಹುದು. ಇದರಲ್ಲಿ ವಂಚನೆಯೇನೂ ಇಲ್ಲ. ಆದರೆ ಕೇಳಿದ ಕಡೆ ಇದ್ದುದನ್ನು ಇದ್ದಂತೆಯೇ ಬರೆಯಬೇಕು. ಅಂಕಪಟ್ಟಿಯನ್ನು ಕಂಪನಿಯವರು ಪರಿಶೀಲಿಸುತ್ತಾರೆ. 6.1 ಇದ್ದವನನ್ನು ಬೇಡವೆಂದ ಕಂಪನಿಗೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. 7.6 ಎಂದು ಬರೆದು ಸಿಕ್ಕಿಬಿದ್ದವನಿಗೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಕೈಗೆ ಬಂದ ಕೆಲಸವೂ ಹೋಗಬಹುದು.

ಸಂದರ್ಶನದಲ್ಲಿ ಅಂಕ ಏಕೆ ಕಡಿಮೆಯೆಂದು ಕೇಳಿದರೆ ಮೂರು ಮಾತು ಸಾಕು. ಏನಾಯಿತು, ಏನು ಬದಲಿಸಿಕೊಂಡೆ, ಅದಕ್ಕೆ ಸಾಕ್ಷಿಯೇನು. "ಮೊದಲ ವರ್ಷದಲ್ಲಿ ಭಾಷೆಯ ಬದಲಾವಣೆಗೆ ಹೊಂದಿಕೊಳ್ಳಲಾಗಲಿಲ್ಲ, ಮೂರು ವಿಷಯಗಳು ಉಳಿದವು. ಮರುವರ್ಷ ಅವನ್ನು ಮುಗಿಸಿದೆ, ಕಳೆದ ಸೆಮಿಸ್ಟರಿನಲ್ಲಿ 7.8 ಬಂದಿದೆ. ಈ ಆರು ತಿಂಗಳಲ್ಲಿ ಇಂತಹ ತಂತ್ರಾಂಶದಲ್ಲಿ ಐದು ದೋಷಗಳನ್ನು ಸರಿಪಡಿಸಿದ್ದೇನೆ." ಇಷ್ಟು ಹೇಳಿ ನಿಲ್ಲಿಸಬೇಕು. ಅಧ್ಯಾಪಕರನ್ನಾಗಲಿ ಮನೆಯ ಕಷ್ಟವನ್ನಾಗಲಿ ದೂರುತ್ತ ಕೂರಬಾರದು.

ಎಚ್ಚರವಿರಲಿ

ಅಂಕ ಕಡಿಮೆಯಿರುವವರ ಕಳವಳವನ್ನೇ ವ್ಯಾಪಾರ ಮಾಡಿಕೊಂಡವರಿದ್ದಾರೆ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಭದ್ರತಾ ಠೇವಣಿ ಎಂದು ಹಣ ಪಡೆದು ಕೊನೆಗೆ ಪ್ರಮಾಣಪತ್ರವನ್ನಷ್ಟೇ ಕೈಗಿಡುತ್ತಾರೆ. ಮೇಲೆ ಹೇಳಿದ ಸಮ್ಮರ್ ಆಫ್ ಕೋಡ್ ಆಗಲಿ ಔಟ್‌ರೀಚೀ ಆಗಲಿ ಅರ್ಜಿದಾರರಿಂದ ಹಣ ಕೇಳುವುದಿಲ್ಲ. ಇಂಟರ್ನ್‌ಶಿಪ್ ಕೊಡುತ್ತೇವೆಂದು ಯಾರಾದರೂ ಹಣ ಕೇಳಿದರೆ ತಂದೆತಾಯಿಗಳು ಸಾಲ ಮಾಡುವ ಮುನ್ನ ತಿಳಿದವರನ್ನು ವಿಚಾರಿಸಬೇಕು.

ನಮ್ಮ ನಿಲಯದ ಆ ವಿದ್ಯಾರ್ಥಿಯ ಪ್ರಸ್ತಾವ ಆ ವರ್ಷ ಸಮ್ಮರ್ ಆಫ್ ಕೋಡ್‌ಗೆ ಆಯ್ಕೆಯಾಗಲಿಲ್ಲ. ಎರಡು ದಿನ ಅವನು ಯಾರೊಡನೆಯೂ ಮಾತನಾಡಲಿಲ್ಲ. ಆದರೆ ಅದಕ್ಕಾಗಿ ಮಾಡಿದ ಕೆಲಸ ಅವನ ಕೈಯಲ್ಲಿಯೇ ಇತ್ತು. ಅದನ್ನು ತೋರಿಸಿ ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಪಡೆದನು. ಅಲ್ಲಿ ಅವನ ಸಿಜಿಪಿಎ ಎಷ್ಟೆಂದು ಕೇಳಿದರಂತೆ, ಅವನು 6.1 ಎಂದೇ ಹೇಳಿದನಂತೆ. ಅದಕ್ಕೂ ಮೊದಲು ಒಂದು ಭಾನುವಾರ ಅವನು ಊರಿಗೆ ಹೋಗಿ ತನ್ನ ಅಂಕಪಟ್ಟಿಗಳನ್ನೆಲ್ಲ ತಂದೆಯ ಮುಂದಿಟ್ಟು ಬಂದಿದ್ದನು. ಸಂದರ್ಶನಕ್ಕಿಂತ ಅದೇ ಕಷ್ಟವಾಗಿತ್ತೆಂದು ನಮ್ಮೊಡನೆ ಹೇಳಿಕೊಂಡನು.

ಪರೀಕ್ಷೆಯ ಫಲ ಮುಗಿದ ಕಥೆ, ಅದನ್ನು ಬದಲಿಸಲಾಗದು. ಇಂದಿನ ಕೆಲಸ ಮಾತ್ರ ನಮ್ಮ ಕೈಯಲ್ಲಿದೆ. ಸೂಚನಾ ಫಲಕದ ಮುಂದೆ ನಿಂತು ಬಾಡಿದ ಮುಖದಿಂದ ಹಿಂದಿರುಗಿದ ವಿದ್ಯಾರ್ಥಿಗಳು ಈ ರಾತ್ರಿಯೇ ಒಂದು ತಂತ್ರಾಂಶವನ್ನು ಆರಿಸಿಕೊಂಡು ತಮ್ಮ ಕಂಪ್ಯೂಟರಿನಲ್ಲಿ ಸ್ಥಾಪಿಸಿ ನೋಡಲಿ. ಅಂಕಪಟ್ಟಿಯನ್ನು ಮನೆಯವರಿಂದ ಬಚ್ಚಿಟ್ಟವರು ಮೊದಲು ಅದನ್ನು ಹಿರಿಯರ ಮುಂದಿಡಲಿ. ಮುಚ್ಚಿಟ್ಟ ಭಾರವನ್ನು ಹೊತ್ತು ಹೊಸ ಕೆಲಸಕ್ಕೆ ಕೈ ಹಾಕುವುದು ಯಾರಿಗೂ ಸುಲಭವಲ್ಲ.